ಆರೋಗ್ಯಮ್ಮನ ಗೋದಲಿ ರಾಗಿ

ಗುಬ್ಬಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕ್ರೈಸ್ತರ ಮನೆ ಒಂದೇ. ಆ ಮನೆಯ ಆರೋಗ್ಯಮ್ಮ ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ಬೀದಿಯ ಅರ್ಧ ಮಕ್ಕಳು ಅವಳು ಬೇಯಿಸಿದ್ದನ್ನು ತಿಂದು, ಅವಳ ಕೈಯಲ್ಲಿ ಮೂಗು ಒರೆಸಿಸಿಕೊಂಡು ಬೆಳೆದಿದ್ದರು. ಹಾಗೆಂದು ಯಾವ ಮಗುವೂ ಅವಳನ್ನು ಕಂಡು ಓಡಿಬಂದು ತಬ್ಬಿಕೊಳ್ಳುತ್ತಿರಲಿಲ್ಲ. ನೆಲಕ್ಕೆ ಬಿದ್ದ ಕಾಳನ್ನು ಆರಿಸಿ ತಟ್ಟೆಗೆ ಹಾಕುವ ತನಕ ಅವಳು ಯಾರನ್ನೂ ಏಳಲು ಬಿಡುತ್ತಿರಲಿಲ್ಲ. ಗಂಡ ರಾಯಪ್ಪ ಗಾರೆ ಕೆಲಸದವನು. ಕುಡಿಯುತ್ತಿರಲಿಲ್ಲ, ಹೆಚ್ಚು ಮಾತೂ ಆಡುತ್ತಿರಲಿಲ್ಲ. ಇನ್ನೂ ಕೂದಲು ನರೆಯುವ ಮೊದಲೇ ಎದೆನೋವಿನಿಂದ ಹೋದ. ಉಳಿದವಳು ಒಬ್ಬಳೇ ಮಗಳು, ಫಿಲೋಮಿನ.

ಫಿಲೋಮಿನ ತುಮಕೂರಿಗೆ ಟೈಪಿಂಗ್ ಕಲಿಯಲು ಹೋಗಿಬರುತ್ತಿದ್ದಾಗ ತಿಮ್ಮೇಶನ ಪರಿಚಯವಾಯಿತು. ಅವನು ಕರೆಂಟ್ ಲೈನ್‌ಮನ್; ಹುತ್ರಿದುರ್ಗದ ಬೆಟ್ಟದ ಬುಡದ ರೈತರ ಮನೆಯವನು. ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯಿತು. ಎರಡು ಮನೆಯವರೂ ಸ್ವಲ್ಪ ದಿನ ಕೂಗಾಡಿದರು, ಆಮೇಲೆ ಸುಮ್ಮನಾದರು. ತಿಮ್ಮೇಶನ ತಾಯಿ ಹೊಂಬಾಳಮ್ಮನಿಗೆ ಸೊಸೆಯ ಹೆಸರು ನಾಲಿಗೆಗೆ ಹೊರಳಲಿಲ್ಲ. ವನಜಾಕ್ಷಿ ಎಂದು ಕರೆದಳು. ಫಿಲೋಮಿನ ಅದಕ್ಕೂ ಓಗೊಟ್ಟಳು. ತುಮಕೂರಿನ ಸದಾಶಿವನಗರದ ಬಾಡಿಗೆ ಮನೆಯಲ್ಲಿ ಕೃತಿಕಾ ಹುಟ್ಟಿದಳು, ನಂತರ ಅಂಜನ್. ೧೯೯೮ರ ಮಳೆಗಾಲದಲ್ಲಿ ಫಿಲೋಮಿನಳಿಗೆ ಕಾಮಾಲೆ ಬಂತು. ನಾಟಿ ಔಷಧಿ, ಆಸ್ಪತ್ರೆ ಎಲ್ಲವೂ ಆಯಿತು, ಅವಳು ಉಳಿಯಲಿಲ್ಲ. ಕಂಬ ಹತ್ತುವ ಕೆಲಸದವನು ಇಬ್ಬರು ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು ಹೇಗೆ? ತಿಮ್ಮೇಶ್ ಮಕ್ಕಳನ್ನು ಗುಬ್ಬಿಗೆ ತಂದು ಅಜ್ಜಿಯ ಮನೆಯಲ್ಲಿ ಬಿಟ್ಟ.

ಮಾರನೆಯ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ತಿಮ್ಮೇಶ್ ಕಿತ್ತಳೆಹಣ್ಣಿನ ಚೀಲ ಹಿಡಿದು ಬಂದ. ಬಂದವನು ಹಣ್ಣು ಕೆಳಗಿಡದೆ ಮಡಿಲಲ್ಲೇ ಇಟ್ಟುಕೊಂಡು ಕುಳಿತ.

"ಅತ್ತೆ, ಒಂದ್ ಮಾತಿತ್ತು."

"ಹುಡುಗಿ ನೋಡಿದಾರೆ ಅಂತ ಗೊತ್ತು. ಮುಂದಕ್ಕೇಳು."

"ಕಾರ್ತೀಕದಲ್ಲೇ ಮಾಡಿ ಮುಗ್ಸಣ ಅಂತವ್ರೆ. ಮಕ್ಳು ಈ ವರ್ಷ ಇಲ್ಲೇ ಓದ್ಲಿ. ಪರೀಕ್ಷೆ ಆದ್ಮೇಲೆ ಊರಿಗೆ ಕರ್ಕೊಂಡೋಗ್ತೀನಿ. ಅಮ್ಮನೂ ಅದನ್ನೇ ಹೇಳ್ತಾವ್ಳೆ."

"ನಿನ್ ಮಕ್ಳು. ನಾನ್ಯಾಕೆ ಬೇಡ ಅನ್ಲಿ."

"ನಿಮ್ ಹಬ್ಬಕ್ಕೆ ವರ್ಷಾವರ್ಷ ಕಳಿಸ್ತೀನಿ ಅತ್ತೆ. ಆಣೆ ಮಾಡ್ತೀನಿ."

"ಆಣೆ ಗೀಣೆ ಬೇಡ. ಆ ಸ್ಕೂಲಲ್ಲಿ ರಜ ಕೊಡ್ತಾರಾ ಅಂತ ಮೊದ್ಲು ವಿಚಾರ್ಸು. ಹಣ್ಣು ಕೊಡು ಇಲ್ಲಿ, ಜಜ್ಜಿ ಹೋಗ್ತವೆ."

ಅವನು ಹೋದ ಮೇಲೆ ಆರೋಗ್ಯಮ್ಮ ಅಳಲಿಲ್ಲ. ಅತ್ತು ಆಗುವ ಕೆಲಸವಲ್ಲ ಅದು ಎಂದು ಅವಳಿಗೆ ಗೊತ್ತಿತ್ತು. ಮಕ್ಕಳು ಹೋಗುವ ಮನೆ ಕೆಟ್ಟ ಮನೆಯಲ್ಲ. ಉಣ್ಣಲು ಉಡಲು ಇತ್ತು, ಹೊಡೆಯುವವರು ಯಾರೂ ಇರಲಿಲ್ಲ. ಆದರೆ ಆ ಊರಿನಲ್ಲಿ ಚರ್ಚಿಲ್ಲ, ಫಿಲೋಮಿನಳನ್ನು ಫಿಲೋಮಿನ ಎಂದು ಕರೆದವರು ಒಬ್ಬರೂ ಇಲ್ಲ. ಅಂಜನ್‌ಗೆ ಈಗಲೇ ತಾಯಿಯ ಮುಖ ಸರಿಯಾಗಿ ನೆನಪಿರಲಿಲ್ಲ. ಫಿಲೋಮಿನಳ ಮಕ್ಕಳು ಇವರು ಎನ್ನುವುದಕ್ಕೆ ಅವರ ಕೈಯಲ್ಲಿ ಏನಾದರೂ ಒಂದು ಉಳಿಯಬೇಕು. ವರ್ಷಕ್ಕೊಮ್ಮೆಯಾದರೂ ಅವರು ಅದನ್ನು ತಾವೇ ಮಾಡಬೇಕು. ಅಷ್ಟು ಸಾಕು, ಹೆಚ್ಚಿನದು ಬೇಡ ಎಂದು ಆರೋಗ್ಯಮ್ಮ ತೀರ್ಮಾನಿಸಿದಳು.

ಆಗ ಅವಳು ಆ ವರ್ಷದ ಕ್ರಿಸ್ಮಸ್ ಆಚರಣೆಯಿಂದ ಒಂದೊಂದನ್ನೇ ತೆಗೆದುಹಾಕತೊಡಗಿದಳು. ಕೇಕು ಬೇಡ, ಹುತ್ರಿದುರ್ಗದಲ್ಲಿ ಕೇಕು ಮಾಡುವವರು ಯಾರು? ಹೊಸಬಟ್ಟೆ ಬೇಡ, ಅವರಿಗೆ ಯುಗಾದಿಗೆ ಬಟ್ಟೆ ತರುತ್ತಾರೆ, ಮತ್ತೆ ಡಿಸೆಂಬರಿನಲ್ಲಿ ಕೇಳಿದರೆ ಕೃತಿಕಾ ಬೈಸಿಕೊಳ್ಳುತ್ತಾಳೆ. ಬಾಗಿಲಿಗೆ ಕಟ್ಟುವ ಕಾಗದದ ನಕ್ಷತ್ರವಂತೂ ಬೇಡವೇ ಬೇಡ. ಅಂಥ ಮನೆಯ ತೊಲೆಗೆ ಅದನ್ನು ನೇತುಹಾಕಿದರೆ ಊರೆಲ್ಲ ಬಂದು ಕೇಳುತ್ತದೆ. ಕೊನೆಗೆ ಉಳಿದದ್ದು ಗೋದಲಿಯ ರಾಗಿ.

ಕುಣಿಗಲ್ ಕಡೆಯ ಅವಳ ತವರಿನಲ್ಲಿ ಇದು ಹಿಂದಿನಿಂದ ನಡೆದುಬಂದದ್ದು. ಹಬ್ಬಕ್ಕೆ ಮೂರ್ನಾಲ್ಕು ವಾರ ಮುಂಚೆ ಮಕ್ಕಳು ತೆಂಗಿನ ಕರಟದಲ್ಲಿ ಮಣ್ಣು ತುಂಬಿ, ನೆನೆಸಿದ ರಾಗಿಯನ್ನು ಒತ್ತಾಗಿ ಚೆಲ್ಲಿ, ಮೇಲೆ ಒದ್ದೆ ಬಟ್ಟೆ ಮುಚ್ಚುತ್ತಾರೆ. ಹಬ್ಬದ ಹೊತ್ತಿಗೆ ಹಸಿರು ಪೈರು ಎದ್ದು ನಿಲ್ಲುತ್ತದೆ. ಅದರ ನಡುವೆ ಬಾಲಯೇಸುವನ್ನು ಮಲಗಿಸಿದರೆ ಅದೇ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆ. ಬೇರೆ ಮನೆಗಳಲ್ಲಿ ಹಬ್ಬ ಮುಗಿದ ಮೇಲೆ ಆ ಪೈರನ್ನು ಹಸುವಿಗೆ ಹಾಕುತ್ತಿದ್ದರು. ಆರೋಗ್ಯಮ್ಮನ ತಾಯಿ ಮಾತ್ರ ಜನವರಿ ಆರರ ಮೂರು ರಾಜರ ಹಬ್ಬದ ದಿನ ಅದನ್ನು ಹಿತ್ತಲಲ್ಲಿ ನಾಟಿ ಮಾಡಿಸಿ, ಪಾತ್ರೆ ತೊಳೆದ ನೀರು ಹಾಕಿಸಿ, ಬೇಸಿಗೆಯಲ್ಲಿ ತೆನೆ ಕೊಯ್ಯಿಸಿ, ಮುಂದಿನ ಹಬ್ಬಕ್ಕೆ ಅದೇ ಬೀಜ ಎತ್ತಿಡುತ್ತಿದ್ದಳು. ಮದುವೆಯಾಗಿ ಬರುವಾಗ ಆರೋಗ್ಯಮ್ಮ ಆ ಬೀಜವನ್ನು ತಂದಿದ್ದಳು. ಫಿಲೋಮಿನ ಅದನ್ನೇ ಬಿತ್ತಿ ಬೆಳೆದವಳು.

ಮಣ್ಣು, ನೀರು, ಒಂದು ಹಿಡಿ ಕಾಳು. ದುಡ್ಡಿಲ್ಲ, ಪಾದ್ರಿಯಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಮಗು ಕಿಟಕಿಯ ಕಟ್ಟೆಯ ಮೇಲೆ ತಾನೇ ಮಾಡಿಕೊಳ್ಳಬಹುದು.

ಆದರೆ ಕೃತಿಕಾಳಿಗೆ ನಕ್ಷತ್ರ ಬೇಕಿತ್ತು. ಚರ್ಚಿಗೆಂದು ತುಮಕೂರಿಗೆ ಹೋದಾಗಲೆಲ್ಲ ಅಂಗಡಿ ಮುಂದೆ ತೂಗುಹಾಕಿದ ಕೆಂಪು ನಕ್ಷತ್ರದ ಕೆಳಗೆ ನಿಂತುಬಿಡುತ್ತಿದ್ದಳು.

"ಅಜ್ಜಿ, ಒಳಗಡೆ ಬಲ್ಬ್ ಹಾಕ್ಬೋದು. ಅಪ್ಪನೇ ಹಾಕ್ಕೊಡ್ತಾರೆ."

"ನಿಮ್ಮಪ್ಪ ಊರಿಗೆಲ್ಲ ಬಲ್ಬ್ ಹಾಕ್ತಾನೆ, ಸಾಕು. ನಡಿ."

"ಚಿಕ್ಕದು ಅಜ್ಜಿ."

"ಚಿಕ್ಕದೂ ಇಲ್ಲ, ದೊಡ್ಡದೂ ಇಲ್ಲ. ಮನೇಲಿ ರಾಗಿ ನೆನೆದೈತೆ."

ಕರಟಗಳನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟರು. ಬಟ್ಟೆ ಎತ್ತಿ ನೋಡಬಾರದು ಎಂದು ಅಜ್ಜಿಯ ಕಟ್ಟಪ್ಪಣೆ. ಅಂಜನ್ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಮೂಲೆ ಎತ್ತಿ ಇಣುಕುತ್ತಿದ್ದ. ಅವಳಿಗೆ ಅದು ಗೊತ್ತಿತ್ತು, ಬೈಯಲಿಲ್ಲ. ಮೊಳಕೆ ಸೂಜಿಯಂತೆ ಎದ್ದ ದಿನ ಅವನು ಬೀದಿಯಲ್ಲೆಲ್ಲ ಸಾರಿಕೊಂಡು ಬಂದ. ಎದುರು ಮನೆಯ ಗಂಗಲಕ್ಷ್ಮಮ್ಮ ನೋಡಲು ಬಂದಳು. ಆರೋಗ್ಯಮ್ಮನೊಂದಿಗೆ ಸಲಿಗೆಯಿಂದ ಮಾತಾಡುವವಳು ಆ ಬೀದಿಯಲ್ಲಿ ಅವಳೊಬ್ಬಳೇ.

"ಅಲ್ಲ ಕಣಕ್ಕ, ನಿಮ್ ದೇವ್ರೇನು ನಮ್ ರಾಗಿ ಹೊಲ್ದಲ್ಲಿ ಹುಟ್ಟಿದ್ನಾ?"

"ದನದ ಕೊಟ್ಟಿಗೇಲಿ ಹುಟ್ಟಿದ. ಕೊಟ್ಟಿಗೆ ಹೊಲದ ಪಕ್ಕದಲ್ಲಿ ಇದ್ದೇ ಇರುತ್ತೆ."

"ಹಂಗಾದ್ರೆ ಸರಿ ಬುಡು. ಪಾಪ, ಮಕ್ಳಿಗೊಂದು ಸ್ಟಾರ್ ಕೊಡ್ಸಕ್ಕೇನು ನಿಂಗೆ? ಇದೇ ಕೊನೇ ವರ್ಷ ಅಂತೀಯ."

"ಕೊನೇ ವರ್ಷ ಅಂತ್ಲೇ ಕೊಡಿಸ್ತಿಲ್ಲ."

ಗಂಗಲಕ್ಷ್ಮಮ್ಮನಿಗೆ ಅದು ಅರ್ಥವಾಗಲಿಲ್ಲ. ಅವಳು ಬಾಯಿಗೆ ಸೆರಗು ಹಿಡಿದು, ಈ ಮುದುಕಿಗೆ ಎದೆಯಲ್ಲಿ ಏನೂ ಇಲ್ಲ ಎನ್ನುವ ಹಾಗೆ ತಲೆ ಆಡಿಸಿ ಹೋದಳು.

ಹಬ್ಬದ ದಿನ ಚರ್ಚಿನಿಂದ ಬಂದು, ಕಜ್ಜಾಯ ತಿಂದು, ಮೂವರೂ ಗೋದಲಿಯ ಮುಂದೆ ಕುಳಿತರು. ಬಾಲಯೇಸುವಿನ ಗೊಂಬೆ ರಾಯಪ್ಪ ಗಾರೆಯಲ್ಲಿ ಮಾಡಿದ್ದು. ಮೂಗು ಸವೆದಿತ್ತು, ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ. ಅಂಜನ್ ಅದನ್ನು ಪೈರಿನ ನಡುವೆ ಇಟ್ಟ. ಆ ಮನೆಯಲ್ಲಿ ತಾಯಿಯ ಮಾತೆತ್ತಿ ಅಳುವಂತಿರಲಿಲ್ಲ; ವರ್ಷವಿಡೀ ಅಜ್ಜಿ ಅದಕ್ಕೆ ಆಸ್ಪದ ಕೊಟ್ಟಿರಲಿಲ್ಲ. ಆ ದಿನ ಅವಳು ಹೇಳಿದಳು, "ಇವತ್ತು ನಿಮ್ಮಮ್ಮನ ವಿಷಯ ಏನ್ ಬೇಕಾದ್ರೂ ಕೇಳಿ. ಹೇಳ್ತೀನಿ."

ಮಕ್ಕಳು ಕೇಳಲು ಶುರು ಮಾಡಿದ್ದು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಅಮ್ಮ ಮರ ಹತ್ತುತ್ತಿದ್ದಳಾ, ಹತ್ತುತ್ತಿದ್ದಳು. ಅಮ್ಮ ನಿನ್ನ ಹತ್ತಿರ ಏಟು ತಿಂದಿದ್ದಳಾ, ತಿಂದಿದ್ದಳು, ಸುಳ್ಳು ಹೇಳಿದ್ದಕ್ಕೆ. ಅಂಜನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊನೆಗೆ ಕೃತಿಕಾ ಕೇಳಿದಳು:

"ಅಮ್ಮನೂ ಸ್ಟಾರ್ ಕೇಳಿದ್ಲಾ ಅಜ್ಜಿ?"

"ಕೇಳಿದ್ಲು."

"ಕೊಡ್ಸಿದ್ಯಾ?"

"ಇಲ್ಲ."

ಹುಡುಗಿ ಗೋದಲಿಯ ಕಡೆ ತಿರುಗಿ ಪೈರಿನ ತುದಿಯನ್ನು ಅಂಗೈಯಿಂದ ಸವರುತ್ತ ಕುಳಿತಳು. ಆ ದಿನ ಮಕ್ಕಳಿಗೆ ಬೇರೇನೂ ಬೇಕಾಗಲಿಲ್ಲ. ತಾನು ಸರಿಯಾಗಿಯೇ ಲೆಕ್ಕ ಹಾಕಿದೆ ಎಂದು ಆರೋಗ್ಯಮ್ಮ ಅಂದುಕೊಂಡಳು.

ಮೂರು ರಾಜರ ಹಬ್ಬದಂದು ಪೈರನ್ನು ಬಚ್ಚಲ ಹಿಂದೆ ನೆಟ್ಟರು. ಗುಬ್ಬಚ್ಚಿ ಕಾಯುವ ಕೆಲಸ ಅಂಜನ್‌ನದು, ನೀರು ಕೃತಿಕಾಳದು. ಬೇಸಿಗೆಯ ರಜ ಬರುವ ಹೊತ್ತಿಗೆ ತೆನೆಗಳು ಮುಷ್ಟಿ ಕಟ್ಟಿ ಕಂದಿದವು. ಕೃತಿಕಾ ಅಂಗೈಯಲ್ಲಿ ತಿಕ್ಕಿ, ಊದಿ, ಹೊಟ್ಟು ಹಾರಿಸಿದಳು. ಅಜ್ಜಿ ಹಳೆಯ ಪೌಡರ್ ಡಬ್ಬವನ್ನು ತೊಳೆದು ಒಣಗಿಸಿ ಕೊಟ್ಟಳು. ಹಿಂದಿನ ವರ್ಷದಿಂದ ಉಳಿದಿದ್ದ ಬೀಜವನ್ನೂ ಅದಕ್ಕೇ ಸುರಿದಳು.

"ನಿಂಗೆ ಇಟ್ಕೊಳ್ಳಲ್ವಾ?"

"ನನ್ನತ್ರ ಇದ್ರೆ ಅಜ್ಜಿ ಮಾಡ್ತಾಳೆ ಬುಡು ಅಂತ ನೀನು ಸುಮ್ನಾಗ್ತೀಯ. ಇನ್ಮೇಲೆ ನೀನೇ ಮಾಡ್ಬೇಕು."

"ಯಾವಾಗ ಹಾಕ್ಬೇಕು ಅಂತ ಹೆಂಗ್ ಗೊತ್ತಾಗುತ್ತೆ? ಅಲ್ಲಿ ಚರ್ಚಿಲ್ವಲ್ಲ."

"ಊರವರೆಲ್ಲ ರಾಗಿ ಕುಯ್ಯಕ್ಕೆ ಶುರು ಮಾಡ್ತಾರಲ್ಲ, ಆಗ ನೀನು ಬಿತ್ತು. ಅವರು ಕುಯ್ಯೋವಾಗ ನಾವು ಬಿತ್ತದು. ಅಷ್ಟ್ ನೆನಪಿಟ್ಕೊ."

ತಿಮ್ಮೇಶ್ ಬಂದು ಮಕ್ಕಳನ್ನು ಕರೆದೊಯ್ದ. ಕೃತಿಕಾ ಡಬ್ಬವನ್ನು ಬ್ಯಾಗಿಗೆ ಹಾಕದೆ ಕೈಯಲ್ಲೇ ಹಿಡಿದಿದ್ದಳು. ಆರೋಗ್ಯಮ್ಮ ಬಸ್ಸು ಹೊರಡುವ ತನಕವೂ ನಿಲ್ಲಲಿಲ್ಲ, ಅಂಗನವಾಡಿಗೆ ಹೊತ್ತಾಗಿತ್ತು.

ದಸರಾ ರಜೆಗೆ ಮಕ್ಕಳು ಬರಲಿಲ್ಲ. ಅಂಜನ್‌ಗೆ ಜ್ವರ ಎಂದು ಯಾರೋ ಬಂದು ಹೇಳಿದರು. ಡಿಸೆಂಬರ್ ಬಂತು. ಆ ವರ್ಷ ಹಬ್ಬ ಸೋಮವಾರ ಬಿದ್ದಿತ್ತು, ಭಾನುವಾರ ಹೇಗೂ ರಜ. ಕರೆತರಲು ತಾನೇ ಹೋಗುವುದೆಂದು ಆರೋಗ್ಯಮ್ಮ ಶನಿವಾರ ಬೆಳಿಗ್ಗೆ ಹೊರಟಳು. ತುಮಕೂರಿನಲ್ಲಿ ಬಸ್ಸು ಬದಲಾಯಿಸಿ, ಕುಣಿಗಲ್‌ನಲ್ಲಿ ಮತ್ತೆ ಬದಲಾಯಿಸಿ, ಬೆಟ್ಟ ಕಾಣುವ ಹೊತ್ತಿಗೆ ಬಿಸಿಲು ಏರಿತ್ತು. ರಸ್ತೆಯ ಎರಡು ಕಡೆಯೂ ರಾಗಿ ಕೊಯ್ದಾಗಿತ್ತು. ಕೂಳೆಯ ಹೊಲಗಳನ್ನು ನೋಡಿ ಅವಳ ಮನಸ್ಸಿಗೆ ಬಂದದ್ದು ಒಂದೇ: ಹುಡುಗಿ ಬಿತ್ತಿರುತ್ತಾಳೆ, ಪೈರು ಈಗ ಗೇಣುದ್ದ ಬಂದಿರಬೇಕು.

ಮನೆಯ ಮುಂದೆ ತೆನೆಯ ಮೆದೆ ಒಟ್ಟಿತ್ತು. ಹೊಂಬಾಳಮ್ಮ ಮೊರ ಕೆಳಗಿಟ್ಟು ಎದ್ದಳು.

"ಬೀಗಿತ್ಯಮ್ಮ ಬಂದ್ರಾ. ಬನ್ನಿ ಬನ್ನಿ, ಬಿಸ್ಲಲ್ಲಿ ಬಂದಿದೀರ. ಸುಶ್ಮಿತಾ, ನೀರು ತಗಂಬಾರವ್ವ."

ಹೊಸ ಸೊಸೆ ಸುಶ್ಮಿತಾ ನೀರು ತಂದಳು. ಚಿಕ್ಕ ವಯಸ್ಸು, ಮುಖದಲ್ಲಿ ಕೆಟ್ಟತನವಿರಲಿಲ್ಲ. ಹಿಂದೆಯೇ ಅಂಜನ್ ಅವಳ ಸೆರಗು ಹಿಡಿದು ಬಂದ. "ಅಮ್ಮ, ಯಾರು?" ಎಂದು ಅವಳನ್ನು ಕೇಳಿದ. ಕೇಳಿ, ತಕ್ಷಣ ಗುರುತು ಹತ್ತಿ, ನಾಚಿಕೊಂಡು ಒಳಗೆ ಓಡಿದ.

"ಮಕ್ಳನ್ನ ಹಬ್ಬಕ್ಕೆ ಕರ್ಕೊಂಡೋಗಣ ಅಂತ ಬಂದೆ" ಎಂದಳು ಆರೋಗ್ಯಮ್ಮ.

"ಅಯ್ಯೋ, ತಿಮ್ಮೇಶ ನಿಮ್ಗೇಳಿಲ್ವಾ? ಸೋಮವಾರ ರಜ ಐತಲ್ಲ ಅಂತ ಧರ್ಮಸ್ಥಳಕ್ಕೆ ವ್ಯಾನ್ ಮಾಡವ್ರೆ. ನಮ್ಮೋರು ಎಲ್ಲ ಸೇರಿ ಹೋಗ್ತಾವ್ರೆ. ಮಕ್ಳಂತೂ ಎಂಟು ದಿನದಿಂದ ಅದೇ ಜಪ. ಕಿಟಕಿ ಸೀಟಿಗೆ ಈಗ್ಲೇ ಜಗಳ."

"ಯಾವ ರಜ ಅದು ಅಂತ ಮಕ್ಳಿಗೆ ಗೊತ್ತಾ?"

"ಅದೇ, ನಿಮ್ದೇ ಯಾವ್ದೋ ಹಬ್ಬದ್ದಲ್ವಾ?" ಹೊಂಬಾಳಮ್ಮ ಕುಹಕವಿಲ್ಲದೆ ಕೇಳಿದಳು. "ಊಟಕ್ಕೆ ಕೂತ್ಕಳಿ. ಮುದ್ದೆ ಬಿಸಿಯಾಗೈತೆ. ಅವರೆಕಾಳು ಸಾರು."

ಆರೋಗ್ಯಮ್ಮ ಉಂಡಳು. ಉಣ್ಣುತ್ತಲೇ ಕಣ್ಣು ಒಂದೊಂದು ಕಿಟಕಿಯನ್ನೂ ನೋಡಿಬಂತು. ಕರಟ ಎಲ್ಲೂ ಕಾಣಲಿಲ್ಲ. ಹುಡುಗಿ ಹಿತ್ತಲಲ್ಲಿ ಇಟ್ಟಿರಬಹುದು ಎಂದುಕೊಂಡಳು.

ಶನಿವಾರದ ಬೆಳಗಿನ ಶಾಲೆ ಮುಗಿಸಿ ಕೃತಿಕಾ ಬಂದಳು. ಎತ್ತರವಾಗಿದ್ದಳು, ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದ್ದರು. ಅಜ್ಜಿಯನ್ನು ಕಂಡು ಖುಷಿಯಾಗಿಯೇ ಬಂದಳು. ಶಾಲೆ, ಗೆಳತಿಯರು, ವ್ಯಾನು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಆರೋಗ್ಯಮ್ಮ ಅವಳನ್ನು ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ಕೋಳಿಗೂಡು, ಒಗೆಯುವ ಕಲ್ಲು.

"ರಾಗಿ ಹಾಕಿದ್ಯಾ?"

"ಯಾವ್ ರಾಗಿ?"

ಹುಡುಗಿಗೆ ತಾನೇ ನೆನಪಾಯಿತು. ಮುಖ ಬಾಡಿತು.

"ಡಬ್ಬ ಅಂಜನ್‌ಗೆ ಬೇಕಾಗಿತ್ತು ಅಜ್ಜಿ. ಗೋಲಿ ಇಟ್ಕೊಳ್ಳಕ್ಕೆ. ಕೊಡು ಕೊಡು ಅಂತ ಒಂದೇ ಸಮ ಅಳ್ತಿದ್ದ."

"ಒಳಗಿದ್ದಿದ್ದು?"

"ಚೆಲ್ಲಿಲ್ಲ ಅಜ್ಜಿ. ನಾನೇ ಎಲ್ಲಾನೂ ವಾಡೆಗೆ ಹಾಕ್ದೆ. ಒಂದೆರಡು ಕಾಳು ಕೆಳಗೆ ಬಿದ್ದಿತ್ತು, ಅದನ್ನೂ ಆರಿಸಿ ಹಾಕ್ದೆ."

ವಾಡೆಯೆಂದರೆ ಅಡುಗೆಮನೆಯ ಮೂಲೆಯಲ್ಲಿ ಆಳೆತ್ತರ ನಿಂತ ಮಣ್ಣಿನ ಪಾತ್ರೆ. ಮನೆಗೆ ವರ್ಷಕ್ಕಾಗುವ ರಾಗಿ ಅದರಲ್ಲೇ ಇರುತ್ತದೆ. ಹುಡುಗಿ ಬೀಜ ಸುರಿದದ್ದು ಮಳೆಗಾಲದಲ್ಲಿ. ಅಲ್ಲಿಂದೀಚೆಗೆ ವಾಡೆಯ ರಾಗಿ ಎಷ್ಟೋ ಸಲ ಮಿಲ್ಲಿಗೆ ಹೋಗಿಬಂದಿತ್ತು. ಆರೋಗ್ಯಮ್ಮನ ತಾಯಿಯ ಬೀಜ, ಫಿಲೋಮಿನ ಬೆಳೆದ ಬೀಜ ಹಿಟ್ಟಾಗಿ, ಮುದ್ದೆಯಾಗಿ, ಮನೆಮಂದಿಯ ಹೊಟ್ಟೆ ಸೇರಿ ತಿಂಗಳುಗಳೇ ಕಳೆದಿದ್ದವು. ಮಗುವಿನದು ಏನು ತಪ್ಪು? ಕಾಳು ಚೆಲ್ಲಬಾರದು ಎಂದು ಕಲಿಸಿದವಳು ತಾನೇ. ಇರಬೇಕಾದ ಜಾಗದಲ್ಲಿ ಅದನ್ನು ಇಟ್ಟಿದ್ದಾಳೆ. ಆರೋಗ್ಯಮ್ಮ ಹಬ್ಬವನ್ನು ಎಷ್ಟು ಸರಳ ಮಾಡಿದ್ದಳೆಂದರೆ, ರಾಗಿಯ ಮನೆಗೆ ಬಂದು ಅದು ಬರೀ ರಾಗಿಯಾಗಿ ಹೋಯಿತು.

"ಸ್ಟಾರ್ ಆಗಿದ್ರೆ ಇಟ್ಕೊಂಡಿರ್ತಿದ್ದೆ ಅಜ್ಜಿ" ಎಂದಳು ಕೃತಿಕಾ. ದೂರುವ ದನಿಯಲ್ಲ, ಯೋಚಿಸಿ ಹೇಳಿದಳು. "ಸ್ಟಾರ್ ಬೇರೆ ಯಾತಕ್ಕೂ ಆಗಲ್ವಲ್ಲ."

"ಸರಿ. ಹೋಗು, ಕೈಕಾಲು ತೊಳ್ಕೊ. ಊಟ ಮಾಡು."

ಹೊರಡುವಾಗ ಹೊಂಬಾಳಮ್ಮ ಬಟ್ಟೆಯ ಚೀಲದಲ್ಲಿ ಹೊಸ ರಾಗಿ ತುಂಬಿ ಕೊಟ್ಟಳು. "ಬರಿಗೈಲಿ ಹೆಂಗೆ ಕಳ್ಸದು ಬೀಗಿತ್ಯಮ್ಮ. ಈ ವರ್ಷದ್ದು, ಚೆನ್ನಾಗೈತೆ. ಮುಂದಿನ್ ಸಲ ಖಂಡಿತ ಕಳಿಸ್ತೀವಿ ಮಕ್ಳನ್ನ." ಆರೋಗ್ಯಮ್ಮ ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಅದಕ್ಕೊಂದು ಕಾರಣ ಹೇಳಬೇಕಾಗುತ್ತಿತ್ತು.

ತುಮಕೂರಿನಲ್ಲಿ ಬಸ್ಸಿಗೆ ಕಾಯುವಾಗ ಎದುರಿನ ಅಂಗಡಿಯಲ್ಲಿ ನಕ್ಷತ್ರಗಳು ತೂಗುತ್ತಿದ್ದವು. ಅವಳು ಬಸ್ಸು ಬರುವ ತನಕ ಅವನ್ನೇ ನೋಡುತ್ತ ನಿಂತಿದ್ದಳು, ಹತ್ತಿರ ಹೋಗಲಿಲ್ಲ.

"ಮಕ್ಳೆಲ್ಲಿ ಕಣಕ್ಕ?" ಎಂದು ಗಂಗಲಕ್ಷ್ಮಮ್ಮ ಬಾಗಿಲಲ್ಲೇ ಕೇಳಿದಳು.

"ಧರ್ಮಸ್ಥಳಕ್ಕೆ ಹೋಗ್ತವ್ರೆ."

"ಒಳ್ಳೇದಾಯ್ತು ಬುಡು, ದೇವ್ರ ದರ್ಶನ" ಎಂದು ಗಂಗಲಕ್ಷ್ಮಮ್ಮ ಬಾಯಿತಪ್ಪಿ ಅಂದುಬಿಟ್ಟು, ನಾಲಿಗೆ ಕಚ್ಚಿಕೊಂಡಳು.

ಆ ವರ್ಷ ಗೋದಲಿ ಕೂರಿಸಲಿಲ್ಲ. ತಂದ ರಾಗಿಯನ್ನು ಬಿತ್ತಬಹುದಿತ್ತು, ಮುಂದಿನ ಹಬ್ಬಕ್ಕಾದರೂ ಎತ್ತಿಡಬಹುದಿತ್ತು. ರಾಗಿ ಯಾವುದಾದರೂ ಹುಟ್ಟುತ್ತದೆ. ಆದರೆ ಯಾರಿಗೆಂದು? ಸಂಕ್ರಾಂತಿ ಕಳೆದ ಮೇಲೆ ಮಿಲ್ಲಿಗೆ ಒಯ್ದು ಬೀಸಿಸಿಕೊಂಡು ಬಂದಳು.

ಮುಂದಿನ ಸಲ, ಅದರ ಮುಂದಿನ ಸಲ ಎಂದು ವರ್ಷಗಳು ಹೋದವು. ಯಾರೂ ಬೇಕೆಂದು ಮಾತು ತಪ್ಪಲಿಲ್ಲ. ಒಮ್ಮೆ ಪರೀಕ್ಷೆ, ಒಮ್ಮೆ ಸುಶ್ಮಿತಾಳ ಬಾಣಂತನ, ಒಮ್ಮೆ ತಿಮ್ಮೇಶನಿಗೆ ಡ್ಯೂಟಿ. ಆರೋಗ್ಯಮ್ಮ ಅಂಗನವಾಡಿಯ ಕೆಲಸ ಬಿಟ್ಟಳು. ಕಣ್ಣಿಗೆ ಪೊರೆ ಬಂತು, ತೆಗೆಸಿದಳು.

೨೦೦೮ರ ಡಿಸೆಂಬರಿನಲ್ಲಿ ಕೃತಿಕಾ ಬಂದಳು. ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು. ಅಲ್ಲಿಂದ ಗುಬ್ಬಿ ದೂರವೇನಲ್ಲ. ಬೇಕರಿಯ ಕೇಕ್ ತಂದಿದ್ದಳು. "ಹ್ಯಾಪಿ ಕ್ರಿಸ್ಮಸ್ ಅಜ್ಜಿ" ಎಂದು ಕೈ ಕುಲುಕಿದಳು. ಕೇಕ್ ಕತ್ತರಿಸಿ ಇಬ್ಬರೂ ತಿಂದರು. ನಡುನಡುವೆ ಅವಳ ಮೊಬೈಲ್ ಸದ್ದು ಮಾಡುತ್ತಿತ್ತು.

"ಅಜ್ಜಿ, ಚಿಕ್ಕೋರಿದ್ದಾಗ ಕರಟದಲ್ಲಿ ಏನೋ ಹುಲ್ಲು ಬೆಳೆಸ್ತಿದ್ವಲ್ಲ. ಏನದು, ಗರಿಕೆನಾ?"

"ರಾಗಿ."

"ಹೌದಾ" ಎಂದು ಕೃತಿಕಾ ಗಡಿಯಾರ ನೋಡಿದಳು. ಹಾಸ್ಟೆಲ್ ಗೇಟು ಹಾಕುವ ಮೊದಲು ಸೇರಬೇಕಿತ್ತು. ಏಳುವ ಮುನ್ನ, ಬೇರೇನನ್ನೋ ಯೋಚಿಸುತ್ತ, ಚಾಪೆಯ ಮೇಲೆ ಉದುರಿದ್ದ ಕೇಕಿನ ಪುಡಿಯನ್ನು ಒಂದೊಂದಾಗಿ ಬೆರಳಿನಿಂದ ಎತ್ತಿ ತಟ್ಟೆಗೆ ಹಾಕಿದಳು.

ಆರೋಗ್ಯಮ್ಮ ನೋಡಿದಳು. ಅದನ್ನು ಕಲಿಸಿದವರು ಯಾರೆಂದು ಹುಡುಗಿಗೆ ನೆನಪಿದ್ದ ಹಾಗೆ ಕಾಣಲಿಲ್ಲ. ಅಜ್ಜಿ ಹೇಳಲೂ ಇಲ್ಲ. ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು.